ಗಾಬರಿಗೆ ಕೊಟ್ಟ ಮಾತ್ರೆ, ಇವತ್ತಿಗೆ ಐದನೇ ದಿನ. ಇದು ಕಾಯಿಲೆನಾ, ಮಾತ್ರೆನಾ?

ನರಸಾಪುರ ನೈಟ್ ಶಿಫ್ಟ್ | ಭಾನುವಾರ, ಬೆಳಗಿನ ಜಾವ 3:50

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಮನೆ ಕೋಲಾರ ಟೌನ್, ಕೆಲಸ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಎರಡು ತಿಂಗಳ ಹಿಂದೆ ಕಂಪನಿ ಬಸ್ಸಲ್ಲಿ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಎದೆ ಢವಢವ, ಅಂಗೈ ತಣ್ಣಗೆ, ಉಸಿರು ಸಾಲದು. ಹೋದೆ ಅಂದ್ಕೊಂಡೆ. ಬಸ್ ನಿಲ್ಲಿಸಿ ಆಟೋ ಹಿಡಿದು ಆಸ್ಪತ್ರೆಗೆ ಓಡಿದ್ದಾಯ್ತು. ಇಸಿಜಿ, ಎಕೋ, ಥೈರಾಯ್ಡ್, ಎಲ್ಲಾ ನಾರ್ಮಲ್. ಗ್ಯಾಸ್ ಅಂತ ಹೇಳಿ ಕಳಿಸಿದ್ರು. ಆಮೇಲೆ ವಾರಕ್ಕೆ ಎರಡು ಮೂರು ಸಲ ಅದೇ ಆಟ. ಅಮ್ಮ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು.

ಕೊನೆಗೆ ಮನೋವೈದ್ಯರ ಹತ್ರ ಹೋದೆ. ಪ್ಯಾನಿಕ್ ಅಂದ್ರು. ಎಸ್ಸಿಟಾಲೊಪ್ರಾಮ್ 10 ಎಂ.ಜಿ. ಬರೆದು, "ಒಂದು ತಿಂಗಳು ಬಿಟ್ಟು ಬನ್ನಿ" ಅಂದ್ರು. ಹೊರಗೆ ಜನ ತುಂಬಿದ್ರು, ನಾನೂ ಏನೂ ಕೇಳಲಿಲ್ಲ.

ಇವತ್ತಿಗೆ ಐದು ದಿನ. ಮೊದಲಿಗಿಂತ ಜಾಸ್ತಿ ಆಗಿದೆ. ಮೂರು ಗಂಟೆಗೆ ಎಚ್ಚರ ಆಗುತ್ತೆ, ಒಳಗಿಂದ ಮೋಟರ್ ಓಡ್ತಿರೋ ಹಾಗೆ ನಡುಕ. ವಾಕರಿಕೆ. ನಿದ್ದೆ ಇಲ್ಲದೆ ಇದ್ರೂ ಆಕಳಿಕೆ ಮಾತ್ರ ಒಂದರ ಮೇಲೊಂದು. ದವಡೆ ತಾನಾಗೇ ಕಚ್ಚಿಕೊಳ್ಳುತ್ತೆ. ಹೆಂಡತಿ "ಬಿಟ್ಟುಬಿಡಿ ಆ ಮಾತ್ರೆ" ಅಂತಾಳೆ. ಕಾಯಿಲೆ ಹೆಚ್ಚಾಯ್ತಾ, ಮಾತ್ರೆ ಕೆಲಸನಾ? ಯಾರಿಗಾದ್ರೂ ಹೀಗೆ ಆಗಿದ್ಯಾ?

ಬಂಗಾರಪೇಟೆ ಪ್ಯಾಸೆಂಜರ್ | 5:35

ಆಗಿದೆ ಅಣ್ಣ. ಅಚ್ಚು ಹೊಡೆದ ಹಾಗೆ ಇದೇ. ಆಕಳಿಕೆ ಸಮೇತ. ಬೆಳಗಿನ ರೈಲಲ್ಲಿ ಇದೀನಿ, ಬೆಂಗಳೂರಲ್ಲಿ ಇಳಿದು ವಿವರವಾಗಿ ಬರೀತೀನಿ. ಅಲ್ಲೀವರೆಗೂ ಗಾಬರಿ ಬೀಳಬೇಡಿ, ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಡಾಕ್ಟರಿಗೆ ಒಂದು ಫೋನ್ ಹಾಕಿ.

ಮಾಲೂರು ಮೆಡಿಕಲ್ | 7:10

ನಾನು ಫಾರ್ಮಸಿ ಓದಿ 14 ವರ್ಷದಿಂದ ಔಷಧಿ ಅಂಗಡಿ ನಡೆಸ್ತಿದೀನಿ. ಡಾಕ್ಟರ್ ಅಲ್ಲ, ಕೌಂಟರ್ ಹಿಂದೆ ನಿಂತು ನೋಡಿದ್ದನ್ನ ಹೇಳ್ತೀನಿ.

ಈ ಗುಂಪಿನ ಮಾತ್ರೆ ಒಯ್ದವರಲ್ಲಿ ಕೆಲವರು ಐದನೇ ದಿನವೋ ಆರನೇ ದಿನವೋ ಸ್ಟ್ರಿಪ್ ಹಿಡ್ಕೊಂಡು ಬರ್ತಾರೆ. "ಆರು ತಗೊಂಡಿದೀನಿ, ಮಿಕ್ಕಿದ್ದು ವಾಪಸ್ ತಗೊಳ್ತೀರಾ?" ಅದು ಕೇಳಿದ ತಕ್ಷಣ ನನಗೆ ಗೊತ್ತಾಗುತ್ತೆ, ಇವರಿಗೆ ಯಾರೂ ಮೊದಲೇ ಹೇಳಿಲ್ಲ ಅಂತ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್, ಫ್ಲುಯೊಕ್ಸೆಟಿನ್ ಎಲ್ಲಾ ಒಂದೇ ಮನೆತನ, ಡಿಪ್ರೆಶನ್‌ಗೂ ಗಾಬರಿಗೂ ಕೊಡೋದು. ಮೊದಲ ಒಂದೆರಡು ವಾರ ಗಾಬರಿ ಇನ್ನೂ ಏರಬಹುದು. ಗುಣ ಕಾಣೋಕೆ ಎರಡರಿಂದ ಆರು ವಾರ ಬೇಕು. ಅಂದ್ರೆ ಕಷ್ಟ ಮೊದಲು ಬರುತ್ತೆ, ಸುಖ ಆಮೇಲೆ. ಇದನ್ನ ಮೊದಲೇ ಹೇಳಿ ಕಳಿಸಿದ್ರೆ ಅರ್ಧ ಜನ ತಡ್ಕೊಳ್ತಾರೆ.

ವಾಕರಿಕೆಗೆ ಕಾರಣ ಇದೆ. ಈ ಮಾತ್ರೆಗಳು ಕೆಲಸ ಮಾಡೋದು ಸೆರೊಟೋನಿನ್ ಅನ್ನೋ ರಾಸಾಯನಿಕದ ಮೇಲೆ. ಅದು ಅಂದ್ರೆ ಎಲ್ಲರೂ ಮೆದುಳು ಅಂತಾರೆ, ದೇಹದಲ್ಲಿರೋ ಅದರ ಬಹುಪಾಲು ಇರೋದು ಕರುಳಲ್ಲಿ. ಅದಕ್ಕೇ ಹೊಟ್ಟೆ ಮೊದಲು ತಿರುಗಿಸುತ್ತೆ. ಬೆಳಗ್ಗೆ ತಿಂಡಿ ಆದ ಮೇಲೆ ನುಂಗಿ ನೋಡಿ. ನಿದ್ದೆ ಕೆಡ್ತಿದ್ರೆ ರಾತ್ರಿ ಹೊತ್ತು ತಗೋಬೇಡಿ.

ಪ್ಯಾನಿಕ್ ಇರೋರಿಗೆ ಸಾಮಾನ್ಯವಾಗಿ 5 ಎಂ.ಜಿ.ಯಿಂದ ಶುರು ಮಾಡಿ ವಾರ ಬಿಟ್ಟು 10ಕ್ಕೆ ಏರಿಸೋದು ವಾಡಿಕೆ. ನಿಮಗೆ ನೇರವಾಗಿ 10 ಕೊಟ್ಟಿದ್ದಾರೆ. ಅರ್ಧ ಮಾಡಬಹುದಾ ಅಂತ ಅವರನ್ನೇ ಕೇಳಿ. ನೀವಾಗೇ ಮುರಿದು ನುಂಗಬೇಡಿ.

ಅಂತರಗಂಗೆ ಮೆಟ್ಟಿಲು | 7:42

ಇವೆಲ್ಲಾ ಒಂದು ಸಲ ಹಿಡ್ಕೊಂಡ್ರೆ ಬಿಡಲ್ಲ ಗುರು. ನನಗೂ ಗಾಬರಿ ಇತ್ತು. ನಾಲ್ಕು ತಿಂಗಳು ನುಂಗಿ ಬಿಸಾಕಿದೆ. ದಿನಾ ಬೆಳಗ್ಗೆ ಆರಕ್ಕೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬರೋ ನೀರು ಮುಖಕ್ಕೆ ಹಾಕ್ಕೊಂಡು ಇಳೀರಿ. ಮೂರು ತಿಂಗಳಲ್ಲಿ ಸರಿ ಹೋಗುತ್ತೆ. ದುಡ್ಡು ಕೊಟ್ಟು ವಿಷ ಯಾಕೆ ನುಂಗ್ತೀರಾ.

ಮುಳಬಾಗಿಲು ಅಕ್ಕ | 8:05

ತಮ್ಮಾ, ಮೆಟ್ಟಿಲು ಹತ್ತೋದು ಒಳ್ಳೇದು, ಬೇಡ ಅನ್ನಲ್ಲ. ಪ್ಯಾನಿಕ್ ಜೋರಾಗಿದ್ದಾಗ ನನಗೆ ಮನೆ ಹೊಸಿಲು ದಾಟೋಕೆ ಆಗ್ತಿರಲಿಲ್ಲ. ಹಾಲು ತರೋಕೆ ಮಗಳನ್ನ ಕಳಿಸ್ತಿದ್ದೆ, ಅವಳಿಗೆ ಆಗ ಒಂಬತ್ತು ವರ್ಷ. ಮಾತ್ರೆ ತಗೊಂಡು ಆರು ವಾರ ಆದ ಮೇಲೆ ನಾನೇ ಹೋಗಿ ಹಾಲು ತಂದೆ. ಮೆಟ್ಟಿಲು ಹತ್ತೋ ಮಾತು ಆಮೇಲಿಂದು. "ವಿಷ" ಅನ್ನಬೇಡ. ನಿನ್ನ ಮಾತು ಓದಿ ಯಾರೋ ಇವತ್ತೇ ನಿಲ್ಲಿಸಿಬಿಡ್ತಾರೆ.

ಅಂತರಗಂಗೆ ಮೆಟ್ಟಿಲು | 8:11

ಅಕ್ಕ, ನಿಮಗೆ ಒಳ್ಳೇದಾಗಿದ್ರೆ ಸಂತೋಷ. ನನಗೆ ಆಗಿದ್ದು ನಾನು ಹೇಳಿದೆ. ಒಂದೇ ಸಲಕ್ಕೆ ಬಿಟ್ಟೆ, ಏನೂ ಆಗಲಿಲ್ಲ.

ಬಂಗಾರಪೇಟೆ ಪ್ಯಾಸೆಂಜರ್ | 9:20

ಆಫೀಸಿಗೆ ಬಂದೆ, ಬರೀತೀನಿ. ಒಂದೇ ಸಲಕ್ಕೆ ಬಿಟ್ಟರೆ ಏನೂ ಆಗಲ್ಲ ಅನ್ನೋ ಮಾತಿಗೇ ಉತ್ತರ ಕೊಡ್ತೀನಿ.

ನಾನು ತಗೊಳ್ತಿದ್ದದ್ದು ಪ್ಯಾರಾಕ್ಸಿಟಿನ್. ಒಂದೂವರೆ ವರ್ಷ ಚೆನ್ನಾಗಿದ್ದೆ. ಯುಗಾದಿಗೆ ಶ್ರೀನಿವಾಸಪುರದ ಹತ್ರ ಅತ್ತೆ ಮನೆಗೆ ಹೋದೆ, ಮಾತ್ರೆ ಬ್ಯಾಗಲ್ಲಿ ಇಟ್ಟುಕೊಳ್ಳೋದು ಮರೆತೆ. ಮೂರು ದಿನ ತಾನೇ ಅಂತ ಸುಮ್ನಿದ್ದೆ. ಎರಡನೇ ದಿನ ಮಧ್ಯಾಹ್ನ ಒಬ್ಬಟ್ಟಿನ ಎಲೆ ಮುಂದೆ ಕೂತಿದೀನಿ, ಪಕ್ಕದಲ್ಲಿ ಭಾಮೈದ ಕರೆದ ಅಂತ ಕಣ್ಣು ಹೊರಳಿಸಿದೆ, ತಲೆಯೊಳಗೆ ಝಿರ್ ಅಂತ ಕರೆಂಟ್ ಹೊಡೀತು. ಅರ್ಧ ಸೆಕೆಂಡ್. ಇನ್ನೊಂದು ಸಲ ಕಣ್ಣು ತಿರುಗಿಸಿದೆ, ಮತ್ತೆ ಝಿರ್. ರಾತ್ರಿ ಹೊತ್ತಿಗೆ ನೆಲ ತೇಲ್ತಿತ್ತು. ಲಕ್ವ ಹೊಡೆಯುತ್ತೆ ಅಂತ ಮಾವ ಕಾರು ತೆಗೆದರು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಪುಣ್ಯಾತ್ಮ, ಮೊದಲು ಕೇಳಿದ್ದೇ "ಯಾವುದಾದ್ರೂ ಮಾತ್ರೆ ನಿಲ್ಲಿಸಿದ್ರಾ?" ಮಾತ್ರೆ ಮತ್ತೆ ಶುರುವಾದ ಮೇಲೆ ಮಾರನೇ ದಿನ ಮಾಯ.

ಆಮೇಲೆ ಡಾಕ್ಟರ್ ಹೇಳಿದ್ರು, ಪ್ಯಾರಾಕ್ಸಿಟಿನ್ ಮೈಯಿಂದ ಬೇಗ ಖಾಲಿಯಾಗುತ್ತೆ, ಅದಕ್ಕೇ ಈ ತೊಂದರೆ ಅದರಲ್ಲಿ ಜಾಸ್ತಿ. ಫ್ಲುಯೊಕ್ಸೆಟಿನ್ ವಾರಗಟ್ಟಲೆ ಉಳಿಯುತ್ತೆ, ಅದರಲ್ಲಿ ಕಮ್ಮಿ. ಕೊನೆಗೆ ನಾಲ್ಕು ತಿಂಗಳು ಹಿಡಿದು ಸ್ವಲ್ಪ ಸ್ವಲ್ಪ ಇಳಿಸಿ ಬಿಟ್ಟೆ. ಝಿರ್ ಅನ್ನಲಿಲ್ಲ.

ಟೊಮೇಟೊ ಮಂಡಿ | 10:02

ನಾನೊಂದು ಬೇರೆ ವಿಷಯ ಹೇಳ್ಬೇಕು, ಎಲ್ಲಾ ಓದಿ.

ನಾನು ಎಪಿಎಂಸಿ ಯಾರ್ಡಲ್ಲಿ ಬಾಕ್ಸ್ ಎತ್ತೋನು. ಹದಿನೈದು ಕೆ.ಜಿ. ಬಾಕ್ಸು, ಬೆಳಗಿನಿಂದ ಎಷ್ಟು ಎತ್ತಿ ಇಳಿಸ್ತೀವಿ ಅಂತ ಲೆಕ್ಕ ಇಡಲ್ಲ. ಸೊಂಟ ಹಿಡ್ಕೊಳ್ಳುತ್ತೆ. ಅದಕ್ಕೆ ಡೈಕ್ಲೊಫೆನಾಕ್ ಮಾತ್ರೆ, ಚೀಟಿ ಇಲ್ದೇನೇ ಅಂಗಡೀಲಿ ತಗೊಂಡು ದಿನಾ ನುಂಗ್ತಿದ್ದೆ. ಗಾಬರಿಗೆ ಸರ್ಟ್ರಾಲಿನ್ ಶುರುವಾದ ಮೇಲೂ ಅದನ್ನ ಬಿಡಲಿಲ್ಲ, ಡಾಕ್ಟರಿಗೆ ಹೇಳಲೂ ಇಲ್ಲ. ಸೊಂಟನೋವಿಗೂ ಮನಸ್ಸಿಗೂ ಏನು ಸಂಬಂಧ ಅಂತ.

ಒಂದೂವರೆ ತಿಂಗಳಿಗೆ ಮಲ ಟಾರಿನ ಥರ ಕಪ್ಪಗೆ ಹೋಗೋಕೆ ಶುರು. ಯಾರ್ಡಲ್ಲಿ ಬಾಕ್ಸ್ ಎತ್ತಿ ತಲೆ ಮೇಲಿಟ್ಟೆ, ಕಣ್ಣು ಕತ್ತಲೆ. ಅಲ್ಲೇ ಕೂತುಬಿಟ್ಟೆ, ಟೊಮೇಟೊ ಎಲ್ಲಾ ಚೆಲ್ಲಿತು. ರಕ್ತ 7ಕ್ಕೆ ಇಳಿದಿತ್ತು, ಎರಡು ಬಾಟಲ್ ಹಾಕಿದ್ರು. ಹೊಟ್ಟೆಯೊಳಗೆ ರಕ್ತ ಸೋರಿದೆ, ಈ ಎರಡು ಮಾತ್ರೆ ಜೊತೆಗೆ ಬಿದ್ರೆ ಹೀಗಾಗೋ ಅಪಾಯ ಜಾಸ್ತಿ ಅಂದ್ರು. ನೋವಿನ ಮಾತ್ರೆ ತಗೊಳ್ಳೋರು ದಯವಿಟ್ಟು ಬಾಯಿಬಿಟ್ಟು ಹೇಳಿ.

ಮಾಲೂರು ಮೆಡಿಕಲ್ | 10:15

ಅಣ್ಣ, ಇದು ಎಲ್ಲರೂ ಓದಬೇಕಾದ್ದು. ಐಬುಪ್ರೊಫೇನ್, ಆಸ್ಪಿರಿನ್ ಕೂಡ ಇದೇ ಲೆಕ್ಕಕ್ಕೆ ಬರುತ್ತೆ. ಜೋರು ನೋವಿಗೆ ಕೊಡೋ ಟ್ರಮಡಾಲ್ ಇದರ ಜೊತೆ ಬೇರೆ ರೀತಿ ಅಪಾಯ: ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಮೈ ಬಿಗಿತ ಬರಬಹುದು. ಕೆಮ್ಮಿನ ಸಿರಪ್ಪಲ್ಲಿ ಡೆಕ್ಸ್ಟ್ರೊಮೆಥಾರ್ಫಾನ್ ಇದ್ರೂ ಕೇಳಿಕೊಂಡೇ ಕುಡೀಬೇಕು. ಅಂಗಡಿಯವರಿಗೆ ಹೇಳಿ, ನಾವೇನೂ ಡಂಗುರ ಹೊಡೆಯಲ್ಲ.

ಕೆಜಿಎಫ್ ಹುಡುಗ | 10:21

ಟೊಮೇಟೊ ಅಣ್ಣ, ಈಗ ರೇಟ್ ಎಷ್ಟು ನಡೀತಿದೆ? ಮಾವ ಎರಡು ಎಕರೆ ಹಾಕಿದ್ದಾರೆ.

ಟೊಮೇಟೊ ಮಂಡಿ | 10:24

ದಿನಕ್ಕೊಂದು ರೇಟ್ ತಮ್ಮಾ. 2023ರ ಜುಲೈ ತಲೇಲಿ ಇಟ್ಟುಕೊಂಡು ಹಾಕಬೇಡಿ ಅಂತ ಹೇಳು. ಆವಾಗ ಬಾಕ್ಸು ಎರಡು ಸಾವಿರ ದಾಟಿತ್ತು, ಅದು ಮತ್ತೆ ಮತ್ತೆ ಬರಲ್ಲ. ನನಗೆ ಗಾಬರಿ ಶುರುವಾಗಿದ್ದೇ ಅದನ್ನ ನಂಬಿ ಸಾಲ ಮಾಡಿ ಗುತ್ತಿಗೆಗೆ ತೋಟ ಹಿಡಿದ ಮೇಲೆ.

ಹೆಸರು ಬೇಡ | 11:30

ಇದಕ್ಕೋಸ್ಕರ ಹೊಸ ಅಕೌಂಟ್ ಮಾಡಿದೀನಿ. ಯಾರೂ ಹೇಳದ ಒಂದು ವಿಷಯ ಇದೆ.

ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಗಾಬರಿ ನಿಂತಿತು. ಜೊತೆಗೆ ಗಂಡ ಹೆಂಡಿರ ನಡುವಿನದೂ ನಿಂತಿತು. ಆಸೆಯೇ ಇಲ್ಲ, ಇದ್ದರೂ ಮುಗಿಯಲ್ಲ. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಹೆಂಡತಿ ಒಂದು ದಿನ ಪಾತ್ರೆ ತೊಳೀತಾ ನನ್ನ ಕಡೆ ತಿರುಗದೇನೇ "ಬೇರೆ ಯಾರಾದ್ರೂ ಇದ್ದಾರಾ?" ಅಂತ ಕೇಳಿದ್ಳು. ಆ ನಲ್ಲಿ ನೀರಿನ ಸದ್ದು ಇನ್ನೂ ಕಿವೀಲಿ ಇದೆ. ಅವತ್ತು ಸ್ಟ್ರಿಪ್ ತಂದು ಅವಳ ಮುಂದೆ ಇಟ್ಟೆ. ಮಾರನೇ ವಾರ ಇಬ್ಬರೂ ಹೋದ್ವಿ. ಡಾಕ್ಟರ್ ತಣ್ಣಗೆ ಅಂದ್ರು, "ಇದು ಬಹಳ ಜನಕ್ಕೆ ಆಗುತ್ತೆ, ಮೊದಲೇ ಹೇಳಿದ್ರೆ ಅವತ್ತೇ ಸರಿ ಮಾಡ್ತಿದ್ದೆ." ಡೋಸ್ ಇಳಿಸಿ ನೋಡಿದ್ರು, ಸಾಲಲಿಲ್ಲ, ಬೇರೆ ಮಾತ್ರೆಗೆ ಬದಲಾಯಿಸಿದ್ರು. ಈಗ ಪರವಾಗಿಲ್ಲ. ನನ್ನ ಪ್ರಶ್ನೆ ಇಷ್ಟೇ: ಬಹಳ ಜನಕ್ಕೆ ಆಗುತ್ತೆ ಅಂತ ಅವರಿಗೆ ಗೊತ್ತಿತ್ತಲ್ಲ, ಅವರೇ ಯಾಕೆ ಮೊದಲು ಕೇಳಲಿಲ್ಲ?

ಮುಳಬಾಗಿಲು ಅಕ್ಕ | 11:48

ಬರೆದಿದ್ದಕ್ಕೆ ಒಳ್ಳೇದಾಗಲಿ ಅಣ್ಣ. ಹೆಂಗಸರಿಗೂ ಇದೇ ಆಗುತ್ತೆ. ನಿಮ್ಮನ್ನ ಯಾರೂ ಕೇಳಲಿಲ್ಲ ಅಂತೀರಿ, ನಮ್ಮನ್ನಂತೂ ಕೇಳಬೇಕು ಅಂತ ಯಾರಿಗೂ ಹೊಳೆಯೋದೇ ಇಲ್ಲ. "ವಯಸ್ಸಾಯ್ತು, ಮಕ್ಕಳಾಯ್ತು" ಅಂತ ನಾವೇ ಸಮಾಧಾನ ಮಾಡ್ಕೊಳ್ತೀವಿ. ನನಗೆ ಆಗ 36.

ಚಿಂತಾಮಣಿ ಮೇಷ್ಟ್ರು | 12:30

ಪಕ್ಕದ ಜಿಲ್ಲೆಯವನು, ಬರೀಬಹುದು ತಾನೇ? ಇನ್ನೊಂದು ಪರಿಣಾಮ ಸೇರಿಸಿಕೊಳ್ಳಿ. ನನಗೆ ಗಾಬರಿ ಹೋಯ್ತು, ಜೊತೆಗೆ ಅಳುವೂ ಹೋಯ್ತು. ನನ್ನನ್ನ ಸಾಕಿ ಬೆಳೆಸಿದ ಅಜ್ಜಿ ತೀರಿಕೊಂಡಾಗ ಹೆಣದ ಪಕ್ಕ ಕೂತು ಅವರ ಕೈಬಳೆ ನೋಡ್ತಾ ಇದ್ದೆ, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ದುಃಖ ಗಾಜಿನ ಆಚೆ ಇದ್ದ ಹಾಗೆ. ಚಿಕ್ಕಮ್ಮ "ಓದಿದೋರ ಮನಸ್ಸು ಕಲ್ಲು" ಅಂದ್ರು. ಡೋಸ್ 20ರಿಂದ 10ಕ್ಕೆ ಇಳಿಸಿದ ಮೇಲೆ, ಸುಮಾರು ಒಂದು ತಿಂಗಳಿಗೆ, ಸ್ಕೂಲಲ್ಲಿ ಮಕ್ಕಳು ಹಾಡ್ತಿದ್ದಾಗ ಅಳು ಬಂತು. ಅಜ್ಜಿಗೆ ಅವತ್ತು ಅತ್ತೆ.

ಶಿಡ್ಲಘಟ್ಟ ರೇಷ್ಮೆ | 1:05

ನಮ್ಮಮ್ಮನ ವಿಷಯ. 68 ವರ್ಷ, ಬಿ.ಪಿ.ಗೆ ಮೂತ್ರ ಹೆಚ್ಚು ಹೋಗಿಸೋ ಮಾತ್ರೆ ಇತ್ತು. ಗಾಬರಿ, ನಿದ್ದೆ ಇಲ್ಲ ಅಂತ ಎಸ್ಸಿಟಾಲೊಪ್ರಾಮ್ ಶುರು ಮಾಡಿದ್ರು. ಎರಡು ವಾರಕ್ಕೆ ಮಾತು ತಪ್ಪೋಕೆ ಶುರುವಾಯ್ತು. ಗೂಡು ಬಿಡಿಸೋ ದಿನ ಅಂತ, ರೇಷ್ಮೆ ಹುಳ ಗೂಡು ಕಟ್ಟೋ ಚಂದ್ರಂಕಿ ತಟ್ಟೆ ಹುಡುಕ್ತಾರೆ, ನಾವು ಹುಳ ಸಾಕೋದು ಬಿಟ್ಟು ಎಂಟು ವರ್ಷ ಆಗಿತ್ತು. ನನ್ನನ್ನ ಅವರ ತಂಗಿ ಹೆಸರಿಂದ ಕರೆದ್ರು. ಬಚ್ಚಲಲ್ಲಿ ಬಿದ್ರು. ಊರಲ್ಲಿ ಎಲ್ಲಾ "ಮಾತ್ರೆ ತಲೆಗೆ ಏರಿದೆ, ದೇವಸ್ಥಾನಕ್ಕೆ ಕರ್ಕೊಂಡು ಹೋಗಿ" ಅಂತ. ಇನ್ನೊಬ್ಬ ಡಾಕ್ಟರ್ ರಕ್ತದ ಸೋಡಿಯಂ ನೋಡಿಸಿದ್ರು: 118. ಇರಬೇಕಾದ್ದು 135ರ ಮೇಲೆ. ಅಡ್ಮಿಟ್ ಮಾಡಿ ನಿಧಾನಕ್ಕೆ ಸರಿ ಮಾಡಿದ್ರು, ಐದನೇ ದಿನ ನನ್ನ ಹೆಸರು ಸರಿಯಾಗಿ ಕರೆದ್ರು.

ವಯಸ್ಸಾದವರಿಗೆ, ಅದರಲ್ಲೂ ಇಂಥ ಬಿ.ಪಿ. ಮಾತ್ರೆ ಇದ್ರೆ, ಶುರುವಾದ ಕೆಲವು ವಾರದಲ್ಲೇ ಒಂದು ಸೋಡಿಯಂ ಟೆಸ್ಟ್ ಮಾಡಿಸಿ. ಬರೀ ಒಂದು ರಕ್ತದ ಟೆಸ್ಟು. ಮೊದಲು ಬರೆದುಕೊಟ್ಟವರು ಅದನ್ನ ಹೇಳಿದ್ರೆ ನಮ್ಮಮ್ಮ ಬೀಳ್ತಿರಲಿಲ್ಲ. ನನಗೆ ಆ ಸಿಟ್ಟು ಇನ್ನೂ ಹೋಗಿಲ್ಲ.

ಅಂತರಗಂಗೆ ಮೆಟ್ಟಿಲು | 1:20

ನೋಡಿ, ನಾನು ಹೇಳಿದ್ದು ಇದನ್ನೇ. ಸೊಂಟದ ಮಾತ್ರೆ ಜೊತೆ ಸೇರಿದ್ರೆ ರಕ್ತ, ಬಿ.ಪಿ. ಮಾತ್ರೆ ಜೊತೆ ಸೇರಿದ್ರೆ ಸೋಡಿಯಂ. ಇಷ್ಟೆಲ್ಲಾ ಇರೋದನ್ನ ಯಾಕೆ ನುಂಗ್ಬೇಕು?

ಶಿಡ್ಲಘಟ್ಟ ರೇಷ್ಮೆ | 1:26

ಇಲ್ಲಣ್ಣ, ನನ್ನ ಕಥೆಯನ್ನ ಅದಕ್ಕೆ ಬಳಸಬೇಡಿ. ನಮ್ಮಮ್ಮನಿಗೆ ಆಮೇಲೆ ಬೇರೆ ಜಾತಿಯ ಮಾತ್ರೆ, ಮಿರ್ಟಜಪಿನ್ ಕೊಟ್ರು. ನಿದ್ದೆ ಬಂತು, ಗಾಬರಿ ಇಳೀತು. ನಾನು ಕೇಳ್ತಿರೋದು ಎಚ್ಚರಿಕೆ, ನಿಲ್ಲಿಸಿ ಅಂತಲ್ಲ.

ಎರಡು ಔಷಧಿ ಒಂದು ಮಾತ್ರೆ | 2:40

ನನ್ನದು ಕೇಳಿ. ಜನರಲ್ ಡಾಕ್ಟರ್ ಒಬ್ಬರು ಒಂದು ಮಾತ್ರೆ ಬರೆದ್ರು, "ರಾತ್ರಿ ಒಂದು" ಅಂತ. ಮೊದಲ ದಿನದಿಂದಲೇ ಹಾಯ್ ಅನ್ನಿಸ್ತು. ಇಲ್ಲಿ ಎಲ್ಲಾರಿಗೂ ಆದ ಮೊದಲ ವಾರದ ಕಷ್ಟ ನನಗೆ ಆಗಲೇ ಇಲ್ಲ. ಮೂರು ವರ್ಷ ನುಂಗಿದೆ. ಒಂದು ರಾತ್ರಿ ಮಾತ್ರೆ ಖಾಲಿ, ಅಂಗಡಿ ಬಾಗಿಲು ಹಾಕಿತ್ತು, ಬೆಳಗಿನವರೆಗೂ ರೆಪ್ಪೆ ಮುಚ್ಚಲಿಲ್ಲ. ಆವಾಗ ಸ್ಟ್ರಿಪ್ಪಿನ ಬೆನ್ನು ತಿರುಗಿಸಿ ಮೊಬೈಲ್ ಬೆಳಕಲ್ಲಿ ಮೊದಲ ಸಲ ಓದಿದೆ. ಇರುವೆ ಕಾಲಿನಷ್ಟು ಅಕ್ಷರ. ಎಸ್ಸಿಟಾಲೊಪ್ರಾಮ್ 10, ಮತ್ತು ಕ್ಲೊನಜೆಪಾಮ್ 0.5. ಎರಡು ಔಷಧಿ! ಮೂರು ವರ್ಷ ನನಗೆ ಗೊತ್ತೇ ಇರಲಿಲ್ಲ.

ಮಾಲೂರು ಮೆಡಿಕಲ್ | 2:58

ಇದು ನಮ್ಮ ಕಡೆ ದೊಡ್ಡ ಸಮಸ್ಯೆ. ಕ್ಲೊನಜೆಪಾಮ್ ತಕ್ಷಣ ಶಾಂತ ಮಾಡುತ್ತೆ. ಮೊದಲ ಎರಡು ನಾಲ್ಕು ವಾರ, ಇನ್ನೊಂದು ಮಾತ್ರೆ ಕೆಲಸ ಶುರು ಮಾಡೋವರೆಗೂ, ಕೈ ಹಿಡಿಯೋಕೆ ಅಂತ ಕೊಡ್ತಾರೆ. ಆಮೇಲೆ ಇಳಿಸಿ ನಿಲ್ಲಿಸಬೇಕು. ಎರಡನ್ನೂ ಒಂದೇ ಮಾತ್ರೆಗೆ ಒತ್ತಿದ್ರೆ ಒಂದನ್ನ ಬಿಟ್ಟು ಇನ್ನೊಂದನ್ನ ಇಳಿಸೋದು ಹೇಗೆ? ಜನ "ಡಿಪ್ರೆಶನ್ ಮಾತ್ರೆ ಚಟ ಹಿಡಿಸುತ್ತೆ" ಅಂತಾರಲ್ಲ, ಬಹಳ ಸಲ ಚಟ ಹಿಡಿಸಿರೋದು ಪಕ್ಕದಲ್ಲಿ ಕೂತಿರೋ ಈ ಕ್ಲೊನಜೆಪಾಮ್. ತಮ್ಮಾ, ಒಂದೇ ಸಲಕ್ಕೆ ಮಾತ್ರ ನಿಲ್ಲಿಸಬೇಡಿ, ಫಿಟ್ಸ್ ಕೂಡ ಬರಬಹುದು. ಮನೋವೈದ್ಯರ ಹತ್ರ ಹೋಗಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಬಂಗಾರಪೇಟೆ ಪ್ಯಾಸೆಂಜರ್ | 3:10

ಒಂದು ತಿದ್ದುಪಡಿ ಸಾರ್. ಚಟ ಅಲ್ಲ ಸರಿ, ಆದರೆ ನನಗೆ ಝಿರ್ ಅಂದಿದ್ದು ಪ್ಯಾರಾಕ್ಸಿಟಿನ್ ಒಂದರಿಂದಲೇ, ಕ್ಲೊನಜೆಪಾಮ್ ಮುಟ್ಟಿರಲಿಲ್ಲ. "ಬಿಡೋವಾಗ ಏನೂ ಆಗಲ್ಲ" ಅಂತ ಜನ ತಿಳ್ಕೋಬಾರದು.

ಮಾಲೂರು ಮೆಡಿಕಲ್ | 3:14

ಒಪ್ಪಿದೆ. ಇನ್ನೂ ಬೇಕು ಅಂತ ಆಸೆ ಹುಟ್ಟಿಸಲ್ಲ, ಬಿಡೋವಾಗ ಮೈ ತಗಾದೆ ಮಾಡುತ್ತೆ. ಎರಡೂ ನಿಜ.

ಪಿಯು ಹುಡುಗನ ಅಕ್ಕ | 4:45

ನನ್ನ ತಮ್ಮನಿಗೆ 18. ಪರೀಕ್ಷೆ ಹೊತ್ತಲ್ಲಿ ಪ್ಯಾನಿಕ್, ನಿನ್ನೆ ಇದೇ ಥರ ಮಾತ್ರೆ ಕೊಟ್ಟಿದ್ದಾರೆ. ಚಿಕ್ಕ ವಯಸ್ಸಿನವರಿಗೆ ಇದು ಅಪಾಯ ಅಂತ ಎಲ್ಲೋ ಕೇಳಿದೆ. ನಿಜನಾ?

ಚಿಂತಾಮಣಿ ಮೇಷ್ಟ್ರು | 5:20

ತಾಯಿ, ಅರ್ಧ ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು, ಹದಿಹರೆಯದವರ ವಿಷಯದಲ್ಲಿ ಔಷಧಿ ವಿವರದ ಚೀಟಿಯಲ್ಲಿ ಚೌಕಟ್ಟು ಹಾಕಿ ಎಚ್ಚರಿಕೆ ಬರೆಸಿತು. 2007ರಲ್ಲಿ 24 ವರ್ಷದವರೆಗೂ ವಿಸ್ತರಿಸಿತು. ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ, ಕೆಲವರಲ್ಲಿ ಸಾಯೋ ಯೋಚನೆ ಹೆಚ್ಚಾಗಬಹುದು ಅಂತ. ಕೊಡಲೇಬಾರದು ಅಂತಲ್ಲ, ಕಣ್ಣಿಟ್ಟು ನೋಡ್ಕೊಳ್ಳಿ ಅಂತ. ಮಾತ್ರೆ ನಿಮ್ಮ ಕೈಲಿರಲಿ. ತಮ್ಮ ಒಬ್ಬನೇ ಬಾಗಿಲು ಹಾಕ್ಕೊಂಡು ಕೂರೋದು, ಕೂತಲ್ಲಿ ಕೂರಲಾರದೆ ಶತಪಥ ತಿರುಗೋದು, ಸಿಡಿಸಿಡಿ ಅನ್ನೋದು ಕಂಡ್ರೆ ಅವತ್ತೇ ಡಾಕ್ಟರಿಗೆ ಹೇಳಿ. "ಸಾಯಬೇಕು ಅನ್ನಿಸ್ತಿದ್ಯಾ?" ಅಂತ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ಹುಟ್ಟಲ್ಲ. ರಾತ್ರಿ ಹೊತ್ತಲ್ಲಿ ಯಾರೂ ಸಿಗದಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನೊಂದು. ಮನೇಲಿ ಯಾರಿಗಾದ್ರೂ ವಿಪರೀತ ಉತ್ಸಾಹ, ದಿನಗಟ್ಟಲೆ ನಿದ್ದೆ ಇಲ್ಲದ ಓಡಾಟ, ಆಮೇಲೆ ಕುಸಿತ, ಇಂಥ ಬೈಪೋಲಾರ್ ಕಾಯಿಲೆ ಇದ್ರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಈ ಮಾತ್ರೆ ಅಂಥವರನ್ನ ಆ ಕಡೆಗೆ ಏರಿಸಿಬಿಡಬಹುದು.

ಪಿಯು ಹುಡುಗನ ಅಕ್ಕ | 5:31

ಥ್ಯಾಂಕ್ಸ್ ಸಾರ್. ಚಿಕ್ಕಪ್ಪನಿಗೆ ಹಾಗೇ ಇತ್ತು. ಡಾಕ್ಟರ್ ಕೇಳಿದಾಗ ಅಪ್ಪ "ನಮ್ಮ ಮನೇಲಿ ಯಾರಿಗೂ ಇಲ್ಲ" ಅಂದುಬಿಟ್ರು. ನಾಳೆ ನಾನೇ ಹೋಗಿ ಹೇಳ್ತೀನಿ.

ಕೆಜಿಎಫ್ ಹುಡುಗ | 6:02

ಅದೇ ತೊಂದರೆ ನಮ್ಮಲ್ಲಿ. ಜಿಲ್ಲಾಸ್ಪತ್ರೇಲಿ ಆ ರೂಮಿನ ಮುಂದೆ ಕೂತ್ರೆ ಊರಿನವರು ಯಾರಾದ್ರೂ ನೋಡ್ತಾರೆ ಅಂತ ನಮ್ಮಣ್ಣ ರೈಲು ಹತ್ತಿ ಬೆಂಗಳೂರಿಗೆ ಹೋಗ್ತಾನೆ. ತಿಂಗಳಿಗೆ ಒಂದು ದಿನದ ಕೂಲಿ ಹಾಳು. ದುಡ್ಡಿಲ್ಲದ ತಿಂಗಳು ಹೋಗಲ್ಲ, ಮಾತ್ರೆ ನಿಲ್ಲುತ್ತೆ, ಮತ್ತೆ ಮೊದಲಿಂದ.

ಮುಳಬಾಗಿಲು ಅಕ್ಕ | 6:15

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ ಕಣಪ್ಪ, ಮನೋಚೈತನ್ಯ ಅಂತ. ನಾನು ಅಲ್ಲೇ ತೋರಿಸಿದ್ದು. ಮೊದಲ ದಿನ ಸೆರಗು ಮುಖಕ್ಕೆ ಎಳ್ಕೊಂಡು ಕೂತಿದ್ದೆ, ಪಕ್ಕದಲ್ಲಿ ನೋಡಿದ್ರೆ ನಮ್ಮ ಬೀದಿ ಹೆಂಗಸೇ. ಇಬ್ಬರೂ ಒಂದು ನಿಮಿಷ ಸುಮ್ನಿದ್ವಿ. ಆಮೇಲೆ "ನಿಂಗೂ ರಾತ್ರಿ ಎದೆ ಹೊಡ್ಕೊಳ್ಳುತ್ತಾ?" ಅಂದ್ಳು. ಈಗ ಇಬ್ಬರೂ ಒಂದೇ ಆಟೋದಲ್ಲಿ ಹೋಗ್ತೀವಿ.

ಅಂತರಗಂಗೆ ಮೆಟ್ಟಿಲು | 7:30

ಎಲ್ಲಾ ಓದಿದೆ. ನಾನು ಫ್ಲುಯೊಕ್ಸೆಟಿನ್ ತಗೊಳ್ತಿದ್ದೆ. ಅದು ವಾರಗಟ್ಟಲೆ ಉಳಿಯುತ್ತೆ ಅಂದ್ರಲ್ಲ, ಒಂದೇ ಸಲಕ್ಕೆ ಬಿಟ್ರೂ ಏನೂ ಆಗದೇ ಇದ್ದದ್ದು ಅದಕ್ಕೇ ಇರಬಹುದು. ಬೆಳಗ್ಗೆ ಬರೆದ "ವಿಷ" ಅನ್ನೋ ಮಾತು ವಾಪಸ್ ತಗೊಂಡೆ. ಮೆಟ್ಟಿಲು ಹತ್ತೋ ಮಾತು ವಾಪಸ್ ತಗೊಳ್ಳಲ್ಲ.

ನರಸಾಪುರ ನೈಟ್ ಶಿಫ್ಟ್ | ಹದಿನಾರು ದಿನದ ನಂತರ, ಸಂಜೆ 6:40

ಎಲ್ಲರಿಗೂ ನಾನು ಋಣಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆ, ಮಧ್ಯಾಹ್ನ ಎತ್ತಿದ್ರು. ಬೈಯಲಿಲ್ಲ. 5ಕ್ಕೆ ಇಳಿಸಿ, ಹತ್ತು ದಿನ ಬಿಟ್ಟು ಮತ್ತೆ 10 ಅಂದ್ರು. ಎಂಟನೇ ದಿನಕ್ಕೆ ವಾಕರಿಕೆ ನಿಂತಿತು. ಮೂರು ಗಂಟೆ ಎಚ್ಚರ ಈಗ ಐದು ಗಂಟೆಗೆ ಬಂದಿದೆ. ಆಕಳಿಕೆ ಇನ್ನೂ ಇದೆ. ಬೆವರು ಹೊಸದು, ತಲೆದಿಂಬು ಒದ್ದೆ ಆಗುತ್ತೆ.

ನಿನ್ನೆ ಎರಡು ತಿಂಗಳ ಮೇಲೆ ಮೊದಲ ಸಲ ಕಂಪನಿ ಬಸ್ ಹತ್ತಿದೆ. ಬಾಗಿಲ ಪಕ್ಕದ ಕಂಬಿ ಹಿಡ್ಕೊಂಡೇ ನಿಂತಿದ್ದೆ, ಡ್ರೈವರಣ್ಣ ಕೂತ್ಕೋ ಅಂದ್ರೂ ಕೂರಲಿಲ್ಲ. ಅರ್ಧ ದಾರೀಲಿ ಎದೆ ಶುರು ಮಾಡ್ತು. ಏರ್ತು, ಏರ್ತು, ಅಲ್ಲೇ ನಿಂತು ಇಳೀತು. ನರಸಾಪುರದಲ್ಲೇ ಇಳಿದೆ.

ಹೆಂಡತಿಗೆ ಈ ಮಾತೆಲ್ಲಾ ಓದಿಸಿದೆ, "ಹೆಸರು ಬೇಡ" ಅಣ್ಣನದೂ ಸೇರಿಸಿ. ಮುಂದಿನ ಸಲ ಅವಳೂ ಬರ್ತಾಳಂತೆ. ಎಷ್ಟು ತಿಂಗಳು ತಗೋಬೇಕು, ಹೇಗೆ ಇಳಿಸ್ತಾರೆ, ಬೆವರಿಗೆ ಏನು ಮಾಡೋದು, ಮಾತಾಡಿ ಗುಣ ಮಾಡೋ ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ. ಮೂಗು ಕಟ್ಟಿದ್ರೆ ನಾನು ತಗೊಳ್ಳೋ ಶೀತದ ಮಾತ್ರೆ ಹೆಸರನ್ನೂ ಸೇರಿಸಿದ್ಳು.

ಟೊಮೇಟೊ ಮಂಡಿ | 6:52

ತಂಗೀಗೆ ಹೇಳಿ, ಸೊಂಟನೋವಿನ ಮಾತ್ರೇನೂ ಬರೆಯಲಿ.

ನರಸಾಪುರ ನೈಟ್ ಶಿಫ್ಟ್ | 6:55

ಬರೆದಿದ್ದಾಳೆ ಅಣ್ಣ, ಅದೇ ಮೊದಲನೇ ಸಾಲು.